ಬಿಸಿಲುಸೀಮೆಯ ಲ್ಯಾಪ್‌ಟಾಪು

ನಮ್ಮ ಚಳ್ಳಕೆರೆ ಸೀಮೆಯವರಿಗೆ ಬಿಸಿಲಿನ ವಿಷಯದಲ್ಲಿ ಒಂದು ಬಗೆಯ ಒಣ ಅಭಿಮಾನವಿದೆ. ಮಲೆನಾಡಿನವರು ಮಳೆಯ ಮಾತಾಡುವಂತೆ, ಕರಾವಳಿಯವರು ಮೀನಿನ ಮಾತಾಡುವಂತೆ ನಾವು ಬಿಸಿಲಿನ ಮಾತಾಡುತ್ತೇವೆ. ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳಲ್ಲಿ ನಮ್ಮದೂ ಒಂದು ಎಂಬುದನ್ನು ಬಂದ ನೆಂಟರಿಗೆ ಅವರು ಕೇಳುವ ಮೊದಲೇ ಹೇಳಿಬಿಡುತ್ತೇವೆ. ಏಪ್ರಿಲ್ ತಿಂಗಳಲ್ಲಿ ಪಾದರಸ 40 ಡಿಗ್ರಿಯ ಹತ್ತಿರ ಸುಳಿದಾಡಿದರೆ, ‘ಇದೇನು ಮಹಾ, ಇನ್ನೂ ಮೇ ತಿಂಗಳು ಐತೆ’ ಎನ್ನುತ್ತೇವೆ. ಇಲ್ಲದ ಮಳೆಯ ಬಗ್ಗೆ ಕೊರಗುವುದಕ್ಕಿಂತ ಇರುವ ಬಿಸಿಲಿನ ಬಗ್ಗೆ ಹೆಮ್ಮೆಪಡುವುದು ವಾಸಿಯಲ್ಲವೇ!

ಈ ಬಿಸಿಲಿನೊಡನೆ ಬಾಳುವುದಕ್ಕೆ ಹಿರಿಯರು ತಮ್ಮದೇ ಉಪಾಯಗಳನ್ನು ಕಂಡುಕೊಂಡಿದ್ದರು. ದಪ್ಪ ಗೋಡೆಯ ಮಣ್ಣಿನ ಮಾಳಿಗೆ ಮನೆ, ಅದರ ನೆತ್ತಿಯಲ್ಲಿ ಬೆಳಕು ಬರಲು, ಬಿಸಿಗಾಳಿ ಹೋಗಲು ಒಂದು ಗವಾಕ್ಷಿ. ಮೂಲೆಯಲ್ಲಿ ಮರಳಿನ ಮೇಲೆ ಕುಳಿತು ಬೆವರುವ ನೀರಿನ ಮಡಕೆ. ಸೂರ್ಯ ನೆತ್ತಿಗೆ ಬಂದೊಡನೆ ನೊಗ ಇಳಿಸಿ ಎತ್ತುಗಳನ್ನು ಹುಣಸೆಮರದ ನೆರಳಿಗೆ ಕಟ್ಟುವ ಪದ್ಧತಿ. ಅತ್ತ ಮೊಳಕಾಲ್ಮೂರಿನ ರೇಷ್ಮೆ ನೇಕಾರರು ಮಗ್ಗವನ್ನೇ ಅರ್ಧ ನೆಲದೊಳಗೆ ಇಳಿಸಿದರು. ಗುಂಡಿಯೊಳಗೆ ಕಾಲು ಇಳಿಬಿಟ್ಟು ನೇಯುವವನಿಗೆ ತಂಪು. ನೆಲದ ಪಸೆಯಿಂದ ಹಾಸಿನ ಎಳೆಗಳಿಗೂ ಹಿತ, ಅವು ಒಣಗಿ ಪಟಪಟನೆ ಹರಿಯುವುದಿಲ್ಲ. ಹೀಗೆ ಮನುಷ್ಯ, ಎತ್ತು, ನೀರು, ನೂಲು ಎಲ್ಲಕ್ಕೂ ಒಂದೊಂದು ಏರ್ಪಾಡು ಇತ್ತು. ಯಾವ ಏರ್ಪಾಡೂ ಇಲ್ಲದೆ ಈ ಸೀಮೆಗೆ ಬಂದಿಳಿದ ಹೊಸ ನೆಂಟನೆಂದರೆ ಗೇಮಿಂಗ್ ಲ್ಯಾಪ್‌ಟಾಪು.

ಈ ನೆಂಟನ ಪರಿಚಯ ನನಗಾದದ್ದು ಮೊಳಕಾಲ್ಮೂರಿನ ಅಕ್ಕನ ಮನೆಯಲ್ಲಿ. ಭಾವ ಸೀರೆ ನೇಯುವವರು. ಮಗ ಡಿಪ್ಲೊಮಾ ಓದಿ, ಬೆಂಗಳೂರಿಗೆ ಹೋಗಿ, ಅಲ್ಲಿಯ ಬಾಡಿಗೆ ನೋಡಿ ವಾಪಸು ಬಂದವನು. ಬರುವಾಗ ಒಂದು ಕೈ ಬದಲಾಯಿಸಿದ ಗೇಮಿಂಗ್ ಲ್ಯಾಪ್‌ಟಾಪನ್ನು 55 ಸಾವಿರಕ್ಕೆ ಕೊಂಡು ತಂದಿದ್ದ. ಸಾಧಾರಣ ಲ್ಯಾಪ್‌ಟಾಪಿಗೆ ಒಂದು ಮಿದುಳಾದರೆ ಇದಕ್ಕೆ ಎರಡು: ಲೆಕ್ಕಕ್ಕೊಂದು, ಚಿತ್ರಕ್ಕೊಂದು. ಹಗಲು ಅದರಲ್ಲಿ ಸೀರೆಯ ಅಂಚು, ಸೆರಗು, ಬುಟ್ಟಾಗಳ ವಿನ್ಯಾಸ ಬಿಡಿಸಿ, ಜಕಾರ್ಡ್ ಮಗ್ಗದವರಿಗೆ ಚೌಕುಳಿ ಲೆಕ್ಕದಲ್ಲಿ ಮಾಡಿಕೊಡುತ್ತಿದ್ದ. ರಾತ್ರಿ ಗೆಳೆಯರ ಜೊತೆ ಆಟ. ಹಗಲಿನ ಕೆಲಸ ಭಾವನ ಕಣ್ಣಿಗೆ ಬೀಳುತ್ತಿರಲಿಲ್ಲ. ರಾತ್ರಿಯ ಆಟ ಮಾತ್ರ ಗುಂಡಿನ ಶಬ್ದ ಸಮೇತ ಕಿವಿಗೆ ಬೀಳುತ್ತಿತ್ತು.

ಒಂದು ಬೇಸಿಗೆಯಲ್ಲಿ ಲ್ಯಾಪ್‌ಟಾಪು ತಂತಾನೆ ಆರಿಹೋಗತೊಡಗಿತು. ಮೊದಲು ಆಟದಲ್ಲಿ, ಆಮೇಲೆ ಕೆಲಸದಲ್ಲಿ. ಹೊರಊರಿನ ಒಂದು ಸರ್ವೀಸ್ ಸೆಂಟರಿಗೆ ಒಯ್ದರೆ ಅಲ್ಲಿಯವರು ಮುಚ್ಚಳವನ್ನೂ ತೆಗೆಯದೆ, ‘ಮದರ್‌ಬೋರ್ಡ್ ಹೋಗಿದೆ, 28 ಸಾವಿರ ಆಗುತ್ತದೆ’ ಎಂದರಂತೆ. ಮದುವೆಯ ಕಾಲಕ್ಕೆಂದು ಒಪ್ಪಿಕೊಂಡಿದ್ದ ಆರು ವಿನ್ಯಾಸಗಳು ಅರ್ಧಕ್ಕೆ ನಿಂತಿದ್ದವು. ಕೊಂಡ ಸಾಲದ ಕಂತು ಮಾತ್ರ ನಿಂತಿರಲಿಲ್ಲ. ‘ಬಂದಷ್ಟಕ್ಕೆ ಮಾರಿಬಿಟ್ಟು ಮಗ್ಗಕ್ಕೆ ಕೂತ್ಕೊ’ ಎಂದು ಭಾವ, ‘ಕೂತ್ರೆ ಬೆಂಗಳೂರಲ್ಲೇ ಕೂರ್ತೀನಿ’ ಎಂದು ಮಗ. ನಡುವೆ ಅಕ್ಕ. ಫೋನು ಮಾಡಿ, ‘ಶಾಲೇಲಿ ಅಷ್ಟು ವರ್ಷ ಶಾಖದ ಪಾಠ ಹೇಳೀಯಲ್ಲಪ್ಪ, ಒಂದ್ಸಲ ಬಂದು ನೋಡು. ಆ ಡಬ್ಬಕ್ಕಿಂತ ಜಾಸ್ತಿ ಇವರಿಬ್ಬರೂ ಕಾದವ್ರೆ’ ಎಂದಳು.

ಚಳ್ಳಕೆರೆಯಿಂದ ಬಳ್ಳಾರಿ ಬಸ್ಸು ಹತ್ತಿ ತಳುಕು, ಬಿ.ಜಿ.ಕೆರೆ ದಾಟುವಷ್ಟರಲ್ಲಿ ಕಿಟಕಿಯ ಕಂಬಿ ಮುಟ್ಟಲಾರದಷ್ಟು ಕಾದಿತ್ತು. ದಾರಿಯುದ್ದಕ್ಕೂ ಶೇಂಗಾ ಕಿತ್ತ ಹೊಲಗಳು ಬಾಯಿ ಬಿಟ್ಟುಕೊಂಡು ಬಿದ್ದಿದ್ದವು. ಹಿಂದೆ ಕುದಾಪುರದ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ನಡೆಯುವ ಶಿಕ್ಷಕರ ತರಬೇತಿಗೆ ಹೋಗಿದ್ದಾಗ ಕಲಿತ ಒಂದು ಪಾಠ ದಾರಿಯಲ್ಲಿ ನೆನಪಾಯಿತು. ಏನಾಗಿದೆ ಎಂದು ಹೇಳುವ ಮೊದಲು ಅಳತೆ ಮಾಡು. ಜ್ವರ ಬಂದವನ ಹಣೆ ಮುಟ್ಟಿ ನೋಡದೆ ಔಷಧಿ ಬರೆಯಬಾರದು.

ಅಳಿಯ ಯಂತ್ರ ತೆರೆದ. ಒಳಗಿನ ಉಷ್ಣಾಂಶ ತೋರಿಸುವ ಪುಕ್ಕಟೆ ತಂತ್ರಾಂಶಗಳಿವೆ, ಒಂದನ್ನು ಹಾಕಿದೆವು. ಯಾವ ಕೆಲಸವೂ ಇಲ್ಲದೆ ಸುಮ್ಮನೆ ಕೂತಾಗಲೇ 62 ಡಿಗ್ರಿ. ಆಟ ಶುರುಮಾಡಿ ನಾಲ್ಕು ನಿಮಿಷಕ್ಕೆ 98. ಅಲ್ಲಿಂದ ಮುಂದೆ ಒಂದು ತಮಾಷೆ ನಡೆಯಿತು: ಉಷ್ಣಾಂಶ ಏರಲಿಲ್ಲ, ಯಂತ್ರದ ವೇಗವೇ ಇಳಿಯಿತು. ನಾಲ್ಕು ಗಿಗಾಹರ್ಟ್ಸ್ ಹತ್ತಿರ ಓಡುತ್ತಿದ್ದದ್ದು ಒಂದೂವರೆಗೆ ಬಂದು, ಪರದೆಯ ಮೇಲಿನ ಸೈನಿಕ ಕೆಸರಿನಲ್ಲಿ ನಡೆಯುವವನಂತೆ ಕಾಲೆತ್ತಿಡತೊಡಗಿದ. ಇನ್ನೂ ಎರಡು ನಿಮಿಷಕ್ಕೆ ಪರದೆ ಕಪ್ಪಾಯಿತು.

‘ನೋಡಿದ್ರಾ ಮಾವ, ಬೋರ್ಡ್ ಹೋಗೈತೆ’ ಎಂದ ಅಳಿಯ. ನನಗೆ ಹಾಗನ್ನಿಸಲಿಲ್ಲ. ಕೆಟ್ಟ ಬೋರ್ಡು ಯಾವಾಗ ಬೇಕಾದರೂ ಕೈಕೊಡುತ್ತದೆ; ಇದು ಪ್ರತಿಸಾರಿಯೂ ನೂರರ ಹತ್ತಿರ ಹೋಗಿಯೇ ಕೈಕೊಡುತ್ತಿತ್ತು. ಇವತ್ತಿನ ಪ್ರೊಸೆಸರುಗಳಿಗೆ ಸಾಮಾನ್ಯವಾಗಿ 95ರಿಂದ 105 ಡಿಗ್ರಿಯೊಳಗೆ ಒಂದು ಎಲ್ಲೆ ಇರುತ್ತದೆ. ಅದು ಹತ್ತಿರವಾದಾಗ ತಮ್ಮ ವೇಗವನ್ನು ತಾವೇ ತಗ್ಗಿಸಿಕೊಳ್ಳುತ್ತವೆ. ಅಷ್ಟಾದರೂ ತಡೆಯದಿದ್ದರೆ ಜೀವ ಉಳಿಸಿಕೊಳ್ಳಲು ಆರಿಬಿಡುತ್ತವೆ. ಮಧ್ಯಾಹ್ನದ ಉಳುಮೆಯಲ್ಲಿ ಎತ್ತು ಮೊದಲು ನಿಧಾನಿಸುತ್ತದೆ, ಆಮೇಲೆ ಮಲಗಿಬಿಡುತ್ತದೆ. ಮಲಗಿದ ಎತ್ತು ಸತ್ತಿದೆ ಎಂದು ತೀರ್ಮಾನಿಸುವ ರೈತ ನಮ್ಮ ಸೀಮೆಯಲ್ಲಿ ಹುಟ್ಟಿಲ್ಲ. ಮೊದಲು ನೊಗ ಇಳಿಸಿ ಗಾಳಿ ಆಡಲು ಬಿಡುತ್ತಾನೆ.

ಈ ಯಂತ್ರಕ್ಕೆ ಗಾಳಿ ಆಡುವುದಾದರೂ ಎಲ್ಲಿಂದ? ಅದು ಕುಳಿತಿದ್ದ ಆಸನ ನೋಡಿದೆ. ಅಕ್ಕ ನಮ್ಮೂರಿನಲ್ಲೇ ಕೊಂಡಿದ್ದ ಕರಿಕಂಬಳಿಯನ್ನು ನಾಲ್ಕು ಮಡಿಕೆ ಮಾಡಿ ಮಂಚದ ಮೇಲೆ ಹಾಸಿ ಅದರ ಮೇಲೆ ಇಟ್ಟಿದ್ದ. ಚಳ್ಳಕೆರೆಯ ಕಂಬಳಿಯ ಖ್ಯಾತಿ ನಾನು ಹೇಳಬೇಕಾದ್ದಲ್ಲ. ಒಳಗಿನ ಶಾಖವನ್ನು ಹೊರಗೆ ಬಿಡದಿರುವುದೇ ಅದರ ಖ್ಯಾತಿ! ಇಂಥ ಲ್ಯಾಪ್‌ಟಾಪುಗಳು ಬಹುಮಟ್ಟಿಗೆ ಹೊಟ್ಟೆಯ ಕಡೆಯಿಂದ ತಣ್ಣಗಿನ ಗಾಳಿ ಎಳೆದುಕೊಂಡು ಬೆನ್ನು, ಪಕ್ಕೆಗಳಿಂದ ಬಿಸಿಗಾಳಿ ಬಿಡುತ್ತವೆ. ಹೊಟ್ಟೆಯನ್ನು ಕಂಬಳಿಗೆ ಒತ್ತಿಟ್ಟರೆ ಉಸಿರಾಡುವುದು ಹೇಗೆ? ಎತ್ತಿ ಮೇಜಿನ ಮೇಲಿಟ್ಟು, ಹಿಂಬದಿಗೆ ಎರಡು ಹಳೆಯ ಲಾಳಿಗಳನ್ನು ಕೊಟ್ಟು ಎತ್ತರಿಸಿದೆವು. ಇಷ್ಟಕ್ಕೇ ಏಳು ಡಿಗ್ರಿ ಇಳಿಯಿತು. 28 ಸಾವಿರದ ರೋಗದಲ್ಲಿ ಏಳು ಡಿಗ್ರಿ ಎರಡು ಲಾಳಿಗೆ ಹೋಯಿತೆಂದ ಮೇಲೆ ಉಳಿದದ್ದಕ್ಕೂ ಮದ್ದಿರಬೇಕು ಎಂಬ ಧೈರ್ಯ ಬಂತು.

ಅಷ್ಟರಲ್ಲಿ ಪಕ್ಕದ ಮನೆಯವರು ಬಂದು ಎರಡು ಸಲಹೆ ಕೊಟ್ಟರು: ಒಂದು, ಒದ್ದೆ ಬಟ್ಟೆ ಹೊದಿಸುವುದು, ಇನ್ನೊಂದು, ಅರ್ಧ ಗಂಟೆ ಫ್ರಿಜ್ಜಿನಲ್ಲಿಡುವುದು. ಎರಡನ್ನೂ ಕೈಮುಗಿದು ಬಿಟ್ಟೆವು. ಫ್ರಿಜ್ಜಿನಿಂದ ತೆಗೆದ ತಂಬಿಗೆಯ ಮೈಮೇಲೆ ಹನಿ ಕೂರುವುದನ್ನು ನೋಡಿದವರಿಗೆ, ಅದೇ ಹನಿ ಯಂತ್ರದೊಳಗೆ ಕೂತರೆ ಏನಾದೀತೆಂದು ಬಿಡಿಸಿ ಹೇಳಬೇಕಾಗಿಲ್ಲ.

ಮರುದಿನ ಬೆಳಗ್ಗೆ ಮುಚ್ಚಳ ತೆಗೆದೆವು. ಯಂತ್ರ ಆರಿಸಿ, ಚಾರ್ಜರು ಕಿತ್ತು, ಒಳಗೆ ಕಂಡ ಕೂಡಲೇ ಬ್ಯಾಟರಿಯ ಕೊಂಡಿ ಬಿಡಿಸಿದೆವು. ಬ್ಯಾಟರಿ ಉಬ್ಬಿದೆಯೇ ಎಂದೂ ನೋಡಿದೆವು, ಉಬ್ಬಿದ್ದರೆ ಅದು ಮನೆಯಲ್ಲಿ ಮುಟ್ಟುವ ವಸ್ತುವಲ್ಲ, ಪುಣ್ಯಕ್ಕೆ ಚಪ್ಪಟೆಯಾಗಿತ್ತು. ಒಳಗೆ ಎರಡು ಪುಟ್ಟ ಫ್ಯಾನು. ಎರಡು ಮಿದುಳುಗಳ ಮೇಲಿನಿಂದ ಹೊರಟು ಫ್ಯಾನುಗಳ ಬಾಯಿಗೆ ಬರುವ ತಾಮ್ರದ ಚಪ್ಪಟೆ ಕೊಳವೆಗಳು. ಈ ಕೊಳವೆಯನ್ನು ಕಂಡರೆ ನನಗೆ ಗೌರವ. ಹೊರಗಿನಿಂದ ತಾಮ್ರದ ಪಟ್ಟಿಯಂತೆ ಕಂಡರೂ ಅದು ಟೊಳ್ಳು. ಒಳಗೆ ಗಾಳಿ ತೆಗೆದು, ಸಾಮಾನ್ಯವಾಗಿ ಕೆಲವೇ ಹನಿ ನೀರು ಬಿಟ್ಟು ಮುಚ್ಚಿರುತ್ತಾರೆ. ಒತ್ತಡ ಕಡಿಮೆಯಿರುವುದರಿಂದ ಆ ನೀರು ನೂರು ಡಿಗ್ರಿಗೆ ಕಾಯದೆ ಬಹಳ ಮೊದಲೇ ಆವಿಯಾಗಿ, ಶಾಖ ಹೊತ್ತುಕೊಂಡು ತಂಪಾದ ತುದಿಗೆ ಓಡಿ, ಅಲ್ಲಿ ಹನಿಯಾಗಿ, ಬತ್ತಿ ಎಣ್ಣೆ ಹೀರುವಂತೆ ಒಳಗೋಡೆಯ ಹಿಡಿದು ವಾಪಸು ಬರುತ್ತದೆ. ನಮ್ಮ ಮಡಕೆ ತಣ್ಣಗಾಗುವುದೂ ನೀರು ಆವಿಯಾಗುವಾಗ ಶಾಖ ಒಯ್ಯುತ್ತದೆಂಬ ಈ ಗುಣದಿಂದಲೇ. ಮಡಕೆಯ ನೀರು ಹೋದದ್ದು ಹೋಯಿತು. ಇದರ ನೀರು ಮರಳಿ ಬರುತ್ತದೆ. ಅಷ್ಟೇ ವ್ಯತ್ಯಾಸ.

ಕೊಳವೆ ಚೆನ್ನಾಗಿಯೇ ಇತ್ತು. ಕೊಳವೆಯ ತುದಿಯಲ್ಲಿ, ಬಾಚಣಿಗೆಯ ಹಲ್ಲಿನಂಥ ತೆಳುಪಟ್ಟಿಗಳು ಫ್ಯಾನಿನ ಬಾಯಿಗೆ ಸೇರುವ ಕಡೆ ಒಂದು ಕರಿಯ ಪರದೆ ಕಂಡಿತು. ಚಿಮಟದಿಂದ ಎಳೆದರೆ ಇಡಿಯಾಗಿ ಕಳಚಿ ಬಂತು. ಕಂಬಳಿಯ ಉಣ್ಣೆ, ಮಗ್ಗದ ಮನೆಯ ರೇಷ್ಮೆ ಪುಡಿ, ನಮ್ಮ ಸೀಮೆಯ ಕೆಂಪು ಧೂಳು ಮೂರೂ ಸೇರಿ, ಫ್ಯಾನಿನ ಗಾಳಿಗೆ ಒತ್ತಿ ಒತ್ತಿ, ಬೆರಳಗಲದ ಒಂದು ಅಚ್ಚುಕಟ್ಟಾದ ಕಂಬಳಿಯೇ ತಯಾರಾಗಿತ್ತು. ಗಾಳಿ ಬಂದಾಗ ತೂರಿಕೊ ಎನ್ನುತ್ತಾರೆ. ಇಲ್ಲಿ ಗಾಳಿ ಹೋಗಲು ದಾರಿಯೇ ಇರಲಿಲ್ಲ.

ಬಾಗಿಲಲ್ಲಿ ನಿಂತು ನೋಡುತ್ತಿದ್ದ ಭಾವ ಹತ್ತಿರ ಬಂದರು. ಆ ತುಂಡನ್ನು ಅಂಗೈಯಲ್ಲಿ ಹಾಕಿಕೊಂಡು, ಬೆರಳಿನಿಂದ ಉಜ್ಜಿ, ಎಳೆ ಬಿಡಿಸಿ, ‘ಇದು ನನ್ನ ಮಗ್ಗದ ನೂಲೇ. ಅರಿಶಿನ ಬಣ್ಣ ನೋಡು, ಹೋದ ತಿಂಗಳ ಹಾಸು’ ಎಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಮಗ್ಗಾನೂ ಗುಡಿಸ್ದೆ ಬಿಟ್ರೆ ಹಿಂಗೇ ಆಗ್ತೈತೆ. ಹಣಿಗೇಲಿ ಪುಡಿ ಕೂತ್ರೆ ಎಳೆ ಹರೀತಾವೆ’ ಎಂದು ಒಳಗೆ ಹೋಗಿ, ಹಣಿಗೆ ತೀಡುವ ಮೆತ್ತನೆಯ ಬ್ರಷ್ಷು ತಂದು ಮಗನ ಕೈಗೆ ಕೊಟ್ಟರು. ಅಪ್ಪ ಮಗ ಒಂದೇ ವಸ್ತುವಿನ ಮೇಲೆ ಬಗ್ಗಿ ನಿಂತದ್ದನ್ನು ನಾನು ಆ ಬೇಸಿಗೆಯಲ್ಲಿ ಕಂಡದ್ದು ಅದೇ ಮೊದಲು. ಫ್ಯಾನಿನ ರೆಕ್ಕೆ ಅತಿಯಾಗಿ ಗಿರಗಿರ ತಿರುಗಿ ಹಾಳಾಗದಂತೆ ಭಾವ ಒಂದು ಕಡ್ಡಿಯಿಂದ ತಡೆಹಿಡಿದರು, ಮಗ ತೀಡಿದ.

ಇನ್ನೊಂದು ಕೆಲಸ ಉಳಿದಿತ್ತು. ಮಿದುಳಿಗೂ ತಾಮ್ರಕ್ಕೂ ನಡುವೆ ಶಾಖ ದಾಟಿಸುವ ಪೇಸ್ಟು ಇರುತ್ತದೆ. ಇದರದ್ದು ಒಣಗಿ ಹಳೆಯ ಸುಣ್ಣದಂತಾಗಿತ್ತು. ಚಳ್ಳಕೆರೆಯ ಮೊಬೈಲ್ ರಿಪೇರಿ ಅಂಗಡಿಯ ಹುಡುಗನಿಂದ ಒಂದು ಕೊಳವೆ ಪೇಸ್ಟು, ಒರೆಸಲು ಐಸೊಪ್ರೊಪೈಲ್ ಆಲ್ಕೊಹಾಲು ತಂದಿದ್ದೆ. ಎರಡೂ ಸೇರಿ 500 ರೂಪಾಯಿಯೊಳಗೆ. ಹಳೆಯದನ್ನು ಒರೆಸಿ ತೆಳುವಾಗಿ ಹೊಸದನ್ನು ಬಳಿದು, ಸ್ಕ್ರೂಗಳನ್ನು ಒಂದೇ ಕಡೆಯಿಂದ ಬಿಗಿಯದೆ ಎದುರುಬದುರು ಸ್ವಲ್ಪ ಸ್ವಲ್ಪವೇ ಬಿಗಿದೆವು. ಬೆಣ್ಣೆಯಂತೆ ಮೆತ್ತುವುದರಿಂದ ಲಾಭವಿಲ್ಲ. ಮಿದುಳು ತಾಮ್ರವನ್ನು ಮುಟ್ಟದ ಸಣ್ಣ ಸಂದುಗಳನ್ನು ತುಂಬಿದರೆ ಸಾಕು.

ಕೂಡಿಸಿ ಹಚ್ಚಿದೆವು. ಸುಮ್ಮನೆ ಕೂತಾಗ 49. ಆಟದಲ್ಲಿ 85ಕ್ಕೆ ನಿಂತಿತು. ಅಳಿಯನ ಮುಖ ಅರಳಿತು. ಆದರೆ ಕೋಣೆಯೇ 38 ಡಿಗ್ರಿ ಇದ್ದಾಗ ಯಾವ ಫ್ಯಾನೂ ಯಂತ್ರವನ್ನು ಕೋಣೆಗಿಂತ ತಣ್ಣಗೆ ಮಾಡಲಾರದು. ಉಳಿದದ್ದು ಒಂದೇ ದಾರಿ, ಶಾಖ ಹುಟ್ಟುವುದನ್ನೇ ಕಡಿಮೆ ಮಾಡುವುದು. ಪ್ರೊಸೆಸರು ಕ್ಷಣಹೊತ್ತು ತನ್ನ ಮಿತಿ ಮೀರಿ ಓಡುವ ‘ಟರ್ಬೊ’ ಎಂಬ ಹುಮ್ಮಸ್ಸನ್ನು ಬೇಸಿಗೆಯ ಮಟ್ಟಿಗೆ ನಿಲ್ಲಿಸಿದೆವು. ಆಟದ ಚಿತ್ರಗಳನ್ನು ಸೆಕೆಂಡಿಗೆ 60ಕ್ಕೆ ಕಟ್ಟಿಹಾಕಿದೆವು. ಕೊನೆಯ ಸ್ವಲ್ಪ ವೇಗಕ್ಕಾಗಿ ವೋಲ್ಟೇಜು ಏರಿಸಬೇಕಾಗುತ್ತದೆ; ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಶಾಖ ಏರುತ್ತದೆ. ಅದನ್ನು ಬಿಟ್ಟುಕೊಟ್ಟರೆ ಕಳೆದುಕೊಳ್ಳುವುದು ಕಡಿಮೆ, ಉಳಿಯುವುದು ಬಹಳ. 85 ಇದ್ದದ್ದು 76ಕ್ಕೆ ಬಂತು. ಸೀರೆಯ ವಿನ್ಯಾಸಕ್ಕೆ ಏನೇನೂ ತೊಂದರೆಯಾಗಲಿಲ್ಲ. ಆರು ವಿನ್ಯಾಸಗಳೂ ಹತ್ತು ದಿನದಲ್ಲಿ ಮುಗಿದವು.

ಈ ಲೆಕ್ಕ ಅಳಿಯನ ಕೋಣೆಗಷ್ಟೇ ಸೇರಿದ್ದಲ್ಲ. ಜಗತ್ತಿನ ದೊಡ್ಡ ದೊಡ್ಡ ದತ್ತಾಂಶ ಕೇಂದ್ರಗಳಿಗೂ ಇದೇ ರೋಗ. ಅವುಗಳಲ್ಲಿ ಅನೇಕವು ನೀರನ್ನು ಆವಿ ಮಾಡಿಯೇ ತಣ್ಣಗಿರುತ್ತವೆ. ನಮ್ಮ ಮಡಕೆಯಂತೆ, ಹೋದ ನೀರು ಅಲ್ಲಿಗೆ ಮರಳುವುದಿಲ್ಲ. ಕೊಳವೆಬಾವಿ ಬತ್ತಿದ ಸೀಮೆಯವನಿಗೆ ಇದು ಬೇಗ ಅರ್ಥವಾಗುತ್ತದೆ. ಲೆಕ್ಕ ಮಾಡುವುದೆಂದರೆ ಕಾಯುವುದು. ಕಾದದ್ದನ್ನು ತಣಿಸಲು ಯಾರದಾದರೂ ನೀರು, ಯಾರದಾದರೂ ಗಾಳಿ ಖರ್ಚಾಗಲೇಬೇಕು.

ಹೊರಡುವ ಮುಂಚೆ ಭಾವನಿಗೆ ಒಂದು ಮಾತು ಹೇಳಿದೆ. ಫ್ರಾನ್ಸಿನ ಜಕಾರ್ಡ್ 1804ರಲ್ಲಿ ತೂತು ಕೊರೆದ ರಟ್ಟುಗಳಿಂದ ಮಗ್ಗಕ್ಕೆ ಹೂವು ಬಿಡಿಸಲು ಕಲಿಸಿದ. ಆ ರಟ್ಟುಗಳನ್ನೇ ನೋಡಿ ಇಂಗ್ಲೆಂಡಿನ ಬ್ಯಾಬೇಜ್ 1830ರ ದಶಕದಲ್ಲಿ ಲೆಕ್ಕ ಮಾಡುವ ಯಂತ್ರದ ಕನಸು ಕಂಡ. ಹಾಗಾಗಿ ಈ ಡಬ್ಬ ನಿಮ್ಮ ಮಗ್ಗದ ಮೊಮ್ಮಗನೇ ಸರಿ, ಎಂದೆ. ಭಾವ ನಗಲಿಲ್ಲ. ಲ್ಯಾಪ್‌ಟಾಪನ್ನೊಮ್ಮೆ, ಮಗನನ್ನೊಮ್ಮೆ ನೋಡಿ, ‘ಮೊಮ್ಮಗ ಆದ್ರೆ ಅದಕ್ಕೂ ಕಸ ಗುಡಿಸೋದು ಕಲಿಸ್ಬೇಕು’ ಎಂದರು.

ಅವರ ಮನೆಯಲ್ಲಿ ಅಮಾವಾಸ್ಯೆಗೆ ಮಗ್ಗಕ್ಕೆ ರಜೆ. ಅಂದು ಗುಂಡಿ ಗುಡಿಸಿ, ಹಣಿಗೆ ತೀಡಿ, ಕುಂಕುಮ ಇಡುತ್ತಾರೆ. ಈಗ ಪ್ರತಿ ಅಮಾವಾಸ್ಯೆಯ ಬೆಳಗ್ಗೆ ಭಾವ ಬ್ರಷ್ಷು ಹಿಡಿದು ಮಗನ ಕೋಣೆಯ ಬಾಗಿಲಲ್ಲಿ ನಿಲ್ಲುತ್ತಾರಂತೆ. ‘ಏನ್ಲಾ, ನಿನ್ ಮಗ್ಗ ಗುಡಿಸಿದ್ಯಾ?’ ಎಂದು ಕೇಳುತ್ತಾರಂತೆ. ‘ನಿನ್ ಮಗ್ಗ’ ಎನ್ನುವ ಮಾತನ್ನು ಅಕ್ಕ ಫೋನಿನಲ್ಲಿ ಎರಡು ಸಲ ಹೇಳಿದಳು.