ತವರಿನ ಕೌದಿ

ಮನೆಯಲ್ಲಿ ಹಳತಾದ ವಸ್ತುವಿಗೆ ಎರಡೇ ಗತಿ: ಅಟ್ಟ, ಇಲ್ಲವೆ ತಿಪ್ಪೆ. ಉತ್ತರ ಕರ್ನಾಟಕದ ಹೆಂಗಸರು ಬಹು ಹಿಂದೆಯೇ ಮೂರನೆಯ ಗತಿಯೊಂದನ್ನು ಕಂಡುಕೊಂಡರು. ಅದೇ ಕೌದಿ. ಹರಿದ ಸೀರೆ, ಸವೆದ ಧೋತರ, ಮಗುವಿಗೆ ಗಿಡ್ಡವಾದ ಅಂಗಿ, ಬೆವರಿಗೆ ಬಣ್ಣ ಕಳೆದುಕೊಂಡ ಕುಪ್ಪಸ, ಇವೆಲ್ಲ ಒಂದರ ಮೇಲೊಂದು ಪದರಾಗಿ, ದಾರದ ಕಟ್ಟಿಗೆ ಒಳಪಟ್ಟು, ಮತ್ತೆ ಮನೆಯವರ ಮೈಮೇಲೆಯೇ ಬರುತ್ತವೆ. ಅಜ್ಜನ ಧೋತರವನ್ನು ಮೊಮ್ಮಗ ಹೊದ್ದು ಮಲಗುತ್ತಾನೆ. ಅವನಿಗೆ ಅದರ ಅರಿವಿಲ್ಲ; ಧೋತರಕ್ಕೆ ಉಂಟೋ ಏನೋ!

ಈ ಜಾಣ್ಮೆ ಒಂದೇ ಸೀಮೆಯ ಸೊತ್ತಲ್ಲ. ಹಳಿಯಾಳ, ಯಲ್ಲಾಪುರಗಳ ಕಾಡಿನಂಚಿನಲ್ಲಿ ಸಿದ್ದಿ ಹೆಂಗಸರು ಹೊಲಿಯುವ ಕವದಿ ಇದರ ಒಡಹುಟ್ಟು. ಬಂಗಾಳದ ಕಾಂಥಾ ದೂರದ ನೆಂಟ. ಎಲ್ಲಿ ಬಟ್ಟೆ ಕಡಿಮೆಯೋ, ಎಲ್ಲಿ ಮನೆಯ ಮಂದಿ ಹೆಚ್ಚೋ, ಅಲ್ಲಿ ಸೂಜಿ ಚುರುಕಾಗುತ್ತದೆ. ಕೌದಿಯನ್ನು ಒಬ್ಬಳೇ ಕುಳಿತು ಹೊಲಿಯಬಾರದೆಂಬ ನಿಯಮವೇನೂ ಇಲ್ಲ. ಆದರೆ ಅದು ಒಬ್ಬಳೇ ಕುಳಿತು ಹೋಳಿಗೆ ಉಂಡ ಹಾಗೆ.

ಮಸ್ಕಿಯ ಗುಡ್ಡದ ಬುಡದಲ್ಲಿ ಒಂದು ಹಳೆಯ ಮನೆ. ಆ ಮನೆಯ ಮೂವರು ಹೆಣ್ಣುಮಕ್ಕಳಲ್ಲಿ ಹಿರಿಯಳನ್ನು ಲಿಂಗಸುಗೂರಿಗೂ ಕಿರಿಯಳನ್ನು ಸಿಂಧನೂರಿಗೂ ಕೊಟ್ಟಿತ್ತು. ನಡುವಿನವಳು ಮನೆ ಅಳಿಯನನ್ನು ಪಡೆದು ತವರಲ್ಲೇ ನಿಂತಳು. ಲಿಂಗಸುಗೂರಿನಿಂದ ಸಿಂಧನೂರಿಗೆ ಹೋಗುವ ದಾರಿಯ ನಡುವೆಯೇ ಮಸ್ಕಿ. ಹೀಗಾಗಿ ಪ್ರತಿ ಬೇಸಿಗೆಯಲ್ಲೂ ಎರಡು ದಿಕ್ಕಿನಿಂದ ಎರಡು ಬಟ್ಟೆಯ ಗಂಟುಗಳು ಆ ಮನೆಗೆ ಬರುತ್ತಿದ್ದುವು. ತಾಯಿ ಗುಡ್ಡದ ನೆರಳಿನಲ್ಲಿ ಚಾಪೆ ಹಾಸುವಳು. ಎಂಟು ದಿನ ಹೊಲಿಗೆ, ಎಂಟು ದಿನ ಮಾತು. ವರ್ಷವಿಡೀ ಅತ್ತೆಯ ಮನೆಯಲ್ಲಿ ನುಂಗಿಕೊಂಡದ್ದೆಲ್ಲ ಅಲ್ಲಿ ದಾರದೊಂದಿಗೆ ಹೊರಗೆ ಬರುತ್ತಿತ್ತು.

ತಾಯಿ ತೀರಿಕೊಂಡಳು. ಚಾಪೆ ಸುರುಳಿಯಾಯಿತು. ಸುರುಳಿಯಾಗಲು ಸಾವೊಂದೇ ಕಾರಣವಲ್ಲ. 1953ರಲ್ಲಿ ತುಂಗಭದ್ರೆಯ ಅಣೆಕಟ್ಟಿನ ಕೆಲಸ ಮುಗಿದು ಎಡದಂಡೆಯ ಕಾಲುವೆಗೆ ನೀರು ಬಂದ ಮೇಲೆ ಈ ಸೀಮೆಯಲ್ಲಿ ಎರಡು ಬಗೆಯ ನೆಲ ಹುಟ್ಟಿತು: ನೀರು ಕಂಡ ನೆಲ, ಕಾಣದ ನೆಲ. ತಾಯಿಯ ಆಸ್ತಿ ಪಾಲಾದಾಗ ಕಾಲುವೆಯ ಕೆಳಗಿನ ಎರಡು ಎಕರೆ ಕಿರಿಯಳಿಗೆ ಬಂತು. ಮೇಲಿನ ಮಡ್ಡಿ ಹಿರಿಯಳಿಗೆ ಬಂತು. ಅಳತೆಯಲ್ಲಿ ಎರಡೂ ಸಮ. ಅಳೆದವರು ನೆಲವನ್ನು ಅಳೆದರು, ನೀರನ್ನು ಅಳೆಯಲಿಲ್ಲ. ಅಂದಿನಿಂದ ಅಕ್ಕತಂಗಿಯರ ಮಾತು ನಿಂತಿತು.

ಈ ವರ್ಷ ನಡುವಿನವಳ ಮಗಳು ಬಾಣಂತನಕ್ಕೆ ತವರಿಗೆ ಬಂದಳು. ಹೊದಿಕೆ ಹುಡುಕಲು ತಾಯಿಯ ಪೆಟ್ಟಿಗೆ ತೆಗೆದರೆ, ಅಡಿಯಲ್ಲಿ ಅರ್ಧ ಹೊಲಿದ ಕೌದಿ! ಅಂಚಿನ ಸುತ್ತುಗಳು ಮುಗಿದಿದ್ದುವು. ನಡುವಿನ ಭಾಗ ಹಾಗೆಯೇ ಇತ್ತು. ತಾಯಿ ಚುಚ್ಚಿಟ್ಟ ಸೂಜಿ ತುಕ್ಕು ಹಿಡಿದು ಬಟ್ಟೆಗೆ ಕಂದು ಕಲೆ ಹತ್ತಿಸಿತ್ತು. ನಡುವಿನವಳು ಇಬ್ಬರಿಗೂ ಫೋನು ಮಾಡಿದಳು. ಒಬ್ಬಳು ಬರುವ ಸುದ್ದಿಯನ್ನು ಇನ್ನೊಬ್ಬಳಿಗೆ ಹೇಳಲಿಲ್ಲ.

ಸಿಂಧನೂರಿನ ನಿಲ್ದಾಣದಲ್ಲಿ ಒಗ್ಗರಣೆ, ಮಿರ್ಚಿ ಕಟ್ಟಿಸಿಕೊಂಡು ಕಿರಿಯಳು ಬಸ್ಸು ಹತ್ತಿದಳು. 2023ರ ಜೂನ್ ತಿಂಗಳಿನಿಂದ ರಾಜ್ಯದ ಸರಕಾರಿ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೀಟಿನ ಹಣವಿಲ್ಲ. ತವರಿನ ದಾರಿ ಅಷ್ಟರ ಮಟ್ಟಿಗೆ ಹತ್ತಿರವಾಗಿದೆ. ಆದರೂ ಕಂಡಕ್ಟರನು ಅವಳ ಗಂಟನ್ನು ನೋಡಿ ಹುಬ್ಬೇರಿಸಿದ.

“ಏನ್ ಯವ್ವಾ, ಇಡೀ ಊರಿನ ಬಟ್ಟಿ ಹೊತ್ಕೊಂಡು ಹೊಂಟೀರಿ! ನಿಮಗ ಟಿಕೀಟು ಪುಕ್ಕಟೆ, ಗಂಟಿಗೆ ರೊಕ್ಕ ಬೀಳತೈತಿ.”

“ಗಂಟಿನ್ಯಾಗ ನಮ್ಮವ್ವನ ಸೀರಿ ಅದಾವಪ್ಪ. ಆಕಿನೂ ಹೆಣ್ಣಮಗಳೇ ಅಲ್ಲೇನು?”

ಕಂಡಕ್ಟರ ನಕ್ಕು ಮುಂದೆ ಸರಿದ. ಭತ್ತದ ಗದ್ದೆಗಳು ಹಿಂದೆ ಸರಿದುವು. ಗುಡ್ಡ ಕಣ್ಣಿಗೆ ಬಿದ್ದಿತು.

ಅವಳು ಬರುವಷ್ಟರಲ್ಲಿ ಹಿರಿಯಳು ಚಾಪೆಯ ಮೇಲೆ ಕುಳಿತಿದ್ದಳು. ಇಬ್ಬರೂ ನಡುವಿನವಳನ್ನು ಒಮ್ಮೆ ನೋಡಿದರು. ಅವಳು ನೀರು ತರುವ ನೆಪದಲ್ಲಿ ಒಳಗೆ ಹೋದಳು. ಎದ್ದು ಹೋಗೋಣವೆಂದರೆ ಬಸಿರಿ ಹುಡುಗಿ ಬಾಗಿಲಲ್ಲಿ ನಿಂತಿದ್ದಾಳೆ. ಕೌದಿ ಹಾಸಿತು. ಒಬ್ಬಳು ಮೂಡಣದ ಅಂಚಿಗೆ, ಒಬ್ಬಳು ಪಡುವಣದ ಅಂಚಿಗೆ.

ಕೌದಿಯ ಹೊಲಿಗೆ ಅಂಚಿನಿಂದ ಸುತ್ತಿ ಸುತ್ತಿ ನಡುವಿಗೆ ಬರಬೇಕು. ಒಬ್ಬಳು ದಾರವನ್ನು ಬಿಗಿಯಾಗಿ ಎಳೆದು, ಇನ್ನೊಬ್ಬಳು ಸಡಿಲ ಬಿಟ್ಟರೆ ಬಟ್ಟೆ ಮುದುಡುತ್ತದೆ. ಹೀಗಾಗಿ ಮಾತು ಬಿಟ್ಟವರಿಗೂ ಪರಸ್ಪರ ಕೈ ನೋಡದೆ ಗತ್ಯಂತರವಿಲ್ಲ.

“ತಂಗೀ, ದಾರ ಭಾಳ ಜಗ್ಗಬ್ಯಾಡ ಅಂತ ಆಕಿಗಿ ಹೇಳು,” ಎಂದಳು ಹಿರಿಯಳು ನಡುವಿನವಳಿಗೆ.

“ಸಣ್ಣಕ್ಕಾ, ಅವರ ಕಡಿಂದ ಸಡ್ಲ ಆಗೈತಿ ಅಂತ ನೀನೂ ಹೇಳು,” ಎಂದಳು ಕಿರಿಯಳು.

ನಡುವಿನವಳು ಇಡೀ ದಿನ ಅಂಚೆಯ ಕೆಲಸ ಮಾಡಿದಳು.

ಎರಡನೆಯ ದಿನ ನಡುವಿನ ಭಾಗಕ್ಕೆ ಮೇಲ್ಪದರು ಬೇಕಾಯಿತು. ಕಿರಿಯಳು ಗಂಟು ಬಿಚ್ಚಿ ತಾಯಿಯ ಇಳಕಲ್ ಸೀರೆಯನ್ನು ತೆಗೆದಳು. ಕತ್ತರಿಯನ್ನು ಹಿಡಿದು ಸುಮ್ಮನೆ ಕುಳಿತಳು. ಹಿರಿಯಳು ಕೈ ಚಾಚಿ ಸೀರೆಯನ್ನು ಎಳೆದುಕೊಂಡು, ಅಂಚಿಗೆ ಒಂದು ಕಚ್ಚು ಕೊಟ್ಟು, ನೂಲಿನ ನೇರಕ್ಕೆ ಸರ್ರನೆ ಹರಿದಳು.

“ಪೆಟ್ಟಿಗ್ಯಾಗ ಇಟ್ಟರ ಹುಳ ತಿಂತಾವ. ಕೌದ್ಯಾಗ ಇಟ್ಟರ ಕೂಸು ಹೊದಿತೈತಿ,” ಎಂದಳು, ಯಾರಿಗೆಂದು ಹೇಳದೆ. ತೋಪುತೆನೆಯ ಸೆರಗನ್ನು ಮಾತ್ರ ಹರಿಯಲಿಲ್ಲ. ಅದನ್ನು ಇಡಿಯಾಗಿ ಕೌದಿಯ ನಡುವೆ ಹರಡಿದಳು.

ಅವರು ಕುಳಿತ ಆ ಗುಡ್ಡದ ಬಂಡೆಯೊಂದರಲ್ಲಿ ಅಶೋಕ ಚಕ್ರವರ್ತಿಯ ಶಾಸನವಿದೆ. 1915ರಲ್ಲಿ ಬೀಡನ್ ಎಂಬ ಗಣಿಯ ಇಂಜಿನಿಯರನು ಅದನ್ನು ಕಂಡ. ಅದುವರೆಗೆ ಸಿಕ್ಕ ಶಾಸನಗಳಲ್ಲಿ ಅರಸನ ಬಿರುದು ಮಾತ್ರ ಇತ್ತು. ಅಶೋಕನೆಂಬ ಹೆಸರನ್ನು ಹೇಳಿದ್ದು ಮಸ್ಕಿಯ ಬಂಡೆ. ಧರ್ಮದಲ್ಲಿ ತೊಡಗಿದರೆ ಅಲ್ಪನೂ ಹಿರಿದನ್ನು ಪಡೆಯಬಲ್ಲನು, ಅದು ದೊಡ್ಡವರಿಗಷ್ಟೇ ಮೀಸಲೆಂದು ಬಗೆಯಬಾರದು, ಎಂಬುದು ಅದರ ತಾತ್ಪರ್ಯ. ಚಕ್ರವರ್ತಿಯು ಬ್ರಾಹ್ಮೀ ಲಿಪಿಯಲ್ಲಿ ಬರೆಯಿಸಿದುದನ್ನು ಅಕ್ಕತಂಗಿಯರು ಓದಲಾರರು. ಆದರೆ ಚಿಂದಿಯೂ ಹೊದಿಕೆಯಾದೀತೆಂಬುದನ್ನು ಅವರಿಗೆ ಬಂಡೆ ಹೇಳಿಕೊಡಬೇಕಾಗಿಲ್ಲ.

ನಾಲ್ಕನೆಯ ದಿನದ ಸಂಜೆಗೆ ಎರಡು ಹೊಲಿಗೆಗಳೂ ಸೆರಗಿನ ಬಳಿ ಬಂದುವು. ಬೆಳಕು ಕಡಿಮೆಯಾಗಿತ್ತು. ಹಿರಿಯಳ ದಾರ ಮುಗಿಯಿತು. ಸೂಜಿಯ ಕಣ್ಣಿಗೆ ಎರಡು ಸಲ, ಮೂರು ಸಲ ದಾರ ತಪ್ಪಿತು. ಕಿರಿಯಳು ಅವಳ ಕೈಯಿಂದ ಸೂಜಿಯನ್ನು ತೆಗೆದುಕೊಂಡು ಪೋಣಿಸಿ, ಮರಳಿ ಕೊಟ್ಟಳು. ಯಾರೂ ಏನೂ ಹೇಳಲಿಲ್ಲ. ಅಂಗೈಯಗಲದ ಜಾಗ ಉಳಿದಾಗ ನಡುವಿನವಳು ಒಳಗಿನಿಂದ ನಾಲ್ಕು ಜೋಳದ ಕಾಳು ತಂದು ಪದರಿನೊಳಗೆ ಇಟ್ಟಳು. ಕೌದಿಯ ಹೊಟ್ಟೆ ಬರಿದಿರಬಾರದೆಂದು ತಾಯಿ ಹಾಗೆ ಮಾಡುತ್ತಿದ್ದಳು. ಎರಡು ಸೂಜಿಗಳು ಆ ಜಾಗವನ್ನು ಮುಚ್ಚಿದುವು.

ಹೊಲದ ವ್ಯಾಜ್ಯ ಇನ್ನೂ ಹಾಗೆಯೇ ಇದೆ. ಮಡ್ಡಿಗೆ ನೀರು ಹರಿಸುವ ಶಕ್ತಿ ಕೌದಿಗಿಲ್ಲ. ಅಂಗಡಿಯಲ್ಲಿ ಮೆತ್ತನೆಯ ರಗ್ಗುಗಳು ಅಗ್ಗಕ್ಕೆ ಸಿಗುವ ಈ ಕಾಲದಲ್ಲಿ ಹೊದಿಕೆಗೆಂದೇ ನಾಲ್ಕು ದಿನ ಬೆನ್ನು ಬಗ್ಗಿಸುವುದು ಲೆಕ್ಕಕ್ಕೆ ಹೊಂದುವ ಮಾತೂ ಅಲ್ಲ. ಆದರೆ ರಗ್ಗು ಕೊಳ್ಳಲು ಅಕ್ಕನೂ ಬೇಡ, ತಂಗಿಯೂ ಬೇಡ, ದುಡ್ಡಿದ್ದರೆ ಸಾಕು.

ಮರುದಿನ ನಿಲ್ದಾಣದಲ್ಲಿ ಲಿಂಗಸುಗೂರಿನ ಬಸ್ಸು ಮೊದಲು ಬಂದಿತು. ಹಿರಿಯಳು ಮೆಟ್ಟಿಲ ಮೇಲೆ ಕಾಲಿಟ್ಟು ಹಿಂದಿರುಗಿ ನೋಡಿದಳು. ನಡುವಿನವಳ ಕಡೆಗಲ್ಲ.

“ಮುಂದಿನ ಬ್ಯಾಸಿಗಿಗಿ ನೂಲಿನ ಬಟ್ಟಿ ತಾ. ಈ ಜಾರು ಸೀರಿ ಸೂಜಿಗೆ ನಿಲ್ಲಂಗಿಲ್ಲ.”

“ಹೂಂ, ಅಕ್ಕಾ,” ಎಂದಳು ಕಿರಿಯಳು.