ಆರಡಿ ಗುಂಡಿ, ಮೂರಡಿಗೆ ನೀರು

ಕಾರವಾರದಿಂದ ಅಂಕೋಲೆಯತ್ತ ಹೊರಟರೆ ದಾರಿಯಲ್ಲಿ ಚೆಂಡಿಯಾ ಸಿಗುತ್ತದೆ. ಒಂದು ಮಗ್ಗುಲಿಗೆ ಗುಡ್ಡ, ಇನ್ನೊಂದು ಮಗ್ಗುಲಿಗೆ ಕಡಲು. ನಡುವೆ ಉಳಿದ ಪಟ್ಟಿಯಲ್ಲೇ ಹೆದ್ದಾರಿ, ಗದ್ದೆ, ತೆಂಗು, ಮನೆ, ಬಾವಿ ಎಲ್ಲವೂ ಆಗಬೇಕು. ಜುಲೈನ ಜಡಿಮಳೆ ಹಿಡಿಯಿತೆಂದರೆ ತಗ್ಗಿನ ಮನೆಗಳ ಅಂಗಳದಲ್ಲೇ ನೀರು. ಅಂಥ ದಿನ ಯಾರಾದರೂ ತೀರಿಕೊಂಡರೆ, ಸುಡುವವರು ಒಣ ಕಟ್ಟಿಗೆ ಹುಡುಕುತ್ತಾರೆ, ಹೂಳುವವರು ಒಣ ಮಣ್ಣು.

ಚರ್ಚ್‌ನ ಸ್ಮಶಾನದಲ್ಲಿ ಗುಂಡಿ ತೋಡುವವರು ಮಳೆಗಾಲದಲ್ಲಿ ಹಾರೆಯ ತುದಿ ನೋಡುತ್ತಲೇ ಇಳಿಯುತ್ತಾರೆ. ಕೆಂಪು ಮಣ್ಣು ಮೆತ್ತಗಾಗಿ, ಬದಿಯಿಂದ ಸಣ್ಣಗೆ ಒಸರು ಶುರುವಾದರೆ ಅಲ್ಲಿಗೆ ಕೈ ನಿಲ್ಲುತ್ತದೆ. ‘ಇನ್ನೊಂದು ಗೇಣು ಇಳಿದ್ರೆ ಬಾವಿನೇ ಆಗ್ತದೆ’ ಎನ್ನುವ ಅವರ ಮಾತನ್ನು ನಾನು ಯಾವ ಸುತ್ತೋಲೆಗಿಂತಲೂ ಕಡಿಮೆ ಎಂದು ತಿಳಿಯುವುದಿಲ್ಲ. ಹೆಣಕ್ಕೆ ಆರಡಿ ಆಳ ಬೇಕು ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಆದರೆ ನೀರು ಮೇಲೆಯೇ ಇರುವ ಊರಿನಲ್ಲಿ ಆಳಕ್ಕೆ ಹೋದಷ್ಟೂ ಕೆಡುಕೇ.

ವಿಶ್ವ ಆರೋಗ್ಯ ಸಂಸ್ಥೆಯ ಯುರೋಪ್ ಕಚೇರಿ 1998ರಲ್ಲಿ ಸ್ಮಶಾನಗಳ ಕುರಿತು ಒಂದು ವರದಿ ತಂದಿತು. ಗುಂಡಿಯ ತಳಕ್ಕೂ ಅಂತರ್ಜಲದ ಅತಿ ಎತ್ತರದ ಮಟ್ಟಕ್ಕೂ ನಡುವೆ ಒಂದು ಮೀಟರ್ ಅಂತರ ಇರಬೇಕು, ಕುಡಿಯುವ ನೀರಿನ ಬಾವಿಯಿಂದ 250 ಮೀಟರ್ ದೂರ ಇರಬೇಕು ಎನ್ನುತ್ತದೆ ಅದು. ಮನೆಗೊಂದು ಬಾವಿ ಇರುವ ನಮ್ಮ ಕರಾವಳಿಯಲ್ಲಿ 250 ಮೀಟರ್ ಎಲ್ಲಿಂದ ತರುವುದು? ಆ ಒಂದು ಮೀಟರನ್ನಾದರೂ ಕಾಪಾಡಿಕೊಳ್ಳಬಹುದು. ತಗ್ಗು ಬಿಟ್ಟು ಸ್ಮಶಾನದ ಎತ್ತರದ ಮೂಲೆಯನ್ನು ಮಳೆಗಾಲಕ್ಕೆಂದೇ ಮೀಸಲಿಟ್ಟರೆ ಅರ್ಧ ಕೆಲಸ ಆದಂತೆ.

ಬಾವಿಯ ನೀರು ಕೆಡುವುದಕ್ಕೆ ಹೆದರಬೇಕಾದ ನಾವು ಅದಕ್ಕೆ ಹೆದರಲಿಲ್ಲ, ಕೋವಿಡ್ ಕಾಲದಲ್ಲಿ ಹೆದರಬಾರದಷ್ಟು ಶವಕ್ಕೆ ಹೆದರಿದೆವು. 2020ರ ಮಾರ್ಚ್‌ನಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಕೋವಿಡ್ ಶವಗಳ ಬಗ್ಗೆ ಹೊರಡಿಸಿದ ಮಾರ್ಗಸೂಚಿ ಬಂಧುಗಳಿಗೆ ಕೊನೆಯ ಸಲ ಮುಖ ನೋಡಲು ಬಿಟ್ಟಿತ್ತು. ದೇಹ ಮುಟ್ಟದೆ ಪ್ರಾರ್ಥನೆ ಓದಬಹುದು, ತೀರ್ಥ ಚಿಮುಕಿಸಬಹುದು ಎಂದಿತ್ತು. ಆದರೂ ಅದೇ ವರ್ಷ ಬಳ್ಳಾರಿಯಲ್ಲಿ ಶವಗಳನ್ನು ಗುಂಡಿಗೆ ಎಸೆದ ವಿಡಿಯೋ ನಾಡೆಲ್ಲ ನೋಡಿತು, ಜಿಲ್ಲಾಡಳಿತ ಕ್ಷಮೆ ಕೇಳಿತು. ಚೆನ್ನೈಯಲ್ಲಿ ವೈದ್ಯರೊಬ್ಬರ ಶವ ಹೂಳಲು ಹೋದವರ ಮೇಲೆಯೇ ಕಲ್ಲು ಬಿತ್ತು. ಅದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಅಲ್ಲಿ ನಿಯಮಕ್ಕೆ ಕೊರತೆಯಿರಲಿಲ್ಲ, ಅದನ್ನು ಜನರಿಗೆ ಬಿಡಿಸಿ ಹೇಳುವವರು ಸಾಕಾಗಲಿಲ್ಲ.

ಇನ್ನು ಶವಪೆಟ್ಟಿಗೆಯ ವಿಷಯ. ಜಾಗ ಕಡಿಮೆಯಿದ್ದಲ್ಲಿ ಹಳೆಯ ಗುಂಡಿಯನ್ನೇ ಕೆಲವು ವರ್ಷಗಳ ಮೇಲೆ ಮತ್ತೆ ತೆರೆಯಬೇಕಾಗುತ್ತದೆ. ವಾರ್ನಿಶ್ ಬಳಿದ ಪೆಟ್ಟಿಗೆ, ನೈಲಾನ್ ಬಟ್ಟೆ, ನೀರು ನಿಂತ ಮಣ್ಣು ಮೂರೂ ಸೇರಿದರೆ ದೇಹ ಬೇಗ ಕರಗುವುದಿಲ್ಲ. ಮುಂಬೈ ಬಳಿಯ ವಸಾಯಿಯಲ್ಲಿ ಪೆಟ್ಟಿಗೆ ಬಿಟ್ಟು ಹತ್ತಿ ಬಟ್ಟೆಯಲ್ಲೇ ಸುತ್ತಿ ಹೂಳುವುದನ್ನು ಚರ್ಚ್‌ನವರೇ ಪ್ರೋತ್ಸಾಹಿಸಿದ್ದಾರೆ. ನಮ್ಮ ಕಡೆಯ ಫಾದರ್‌ಗಳು ಪೂಜೆಯ ನಂತರ ಇದನ್ನೊಮ್ಮೆ ಪ್ರಸ್ತಾಪಿಸಲಿ ಎಂದು ನನ್ನ ಆಸೆ. ಜತೆಗೆ, ಆಗಸ್ಟ್‌ನಲ್ಲಿ ಪಕ್ಕದ ಬಾವಿಗೆ ಹಗ್ಗ ಇಳಿಬಿಟ್ಟು ನೀರು ಎಷ್ಟು ಮೇಲಿದೆಯೆಂದು ಅಳೆದು, ಆ ಲೆಕ್ಕವನ್ನು ಗುಂಡಿ ತೋಡುವವರ ಕೈಗೂ ಪಂಚಾಯ್ತಿಯ ಕೈಗೂ ಕೊಡಬೇಕು.