ಪಾತ್ರೆ ಬಡೀಬೇಡ ಕಣೇ

ಹೋದ ವಾರ ಮೊಮ್ಮಗಳು ಅಡುಗೆಮನೇಲಿ ಇಡ್ಲಿ ತಟ್ಟೆ, ಸ್ಟೀಲ್ ಡಬ್ಬ, ಸೌಟು ಎಲ್ಲಾ ಹರಡ್ಕೊಂಡು ಬಡೀತಾ ಕೂತಿದ್ಲು. ನಂಗೋ ತಲೆನೋವು. "ಪಾತ್ರೆ ಬಡೀಬೇಡ ಕಣೇ, ಮನೆಗೆ ದರಿದ್ರ!" ಅಂದ್ಬುಟ್ಟೆ.

ಅಂದ ಮೇಲೆ ಹೊಳೀತು, ಇದು ನಮ್ಮವ್ವನ ಮಾತು. ಚಿಕ್ಕವಳಿದ್ದಾಗ ಹಿತ್ತಾಳೆ ಕೊಡಪಾನ ಬಡಿದಿದ್ದಕ್ಕೆ ಅವ್ವ ಇದೇ ಮಾತು ಹೇಳಿ ಸೌಟಿಂದ ಬೆರಳಿಗೆ ಕೊಟ್ಟಿದ್ಲು. ಭಜನೇಲಿ ಅಣ್ಣ ಡೋಲಕ್ ಬಡುದ್ರೆ ಭಕ್ತಿ, ನಾನು ಕೊಡ ಬಡುದ್ರೆ ದರಿದ್ರ!

ಮಗಳು ನಗ್ತಾ ಮೊಬೈಲ್ ತೋರ್ಸುದ್ಲು. ಜಾನ್ ಕೇಜ್ ಅಂತ ಅಮೆರಿಕದ ಸಂಗೀತಗಾರ, 1960ರಲ್ಲಿ ಟಿವೀಲಿ 'ವಾಟರ್ ವಾಕ್' ನುಡಿಸಿದ್ದು. ವಾದ್ಯ ಏನು ಗೊತ್ತಾ ಅಕ್ಕಂದಿರೇ? ಸ್ನಾನದ ತೊಟ್ಟಿ, ಕುಕ್ಕರ್, ಮಿಕ್ಸಿ, ಐಸ್ ತುಂಡು, ರಬ್ಬರ್ ಬಾತುಕೋಳಿ! ಕೋಟು ಹಾಕ್ಕೊಂಡು, ಗಡಿಯಾರ ನೋಡ್ಕೊಂಡು, ಬರೀ 3 ನಿಮಿಷ. 5 ರೇಡಿಯೋನೂ ಇದ್ವು. ಪ್ಲಗ್ ಯಾರು ಹಾಕ್ಬೇಕು ಅಂತ ಕೆಲಸಗಾರರ ಸಂಘಗಳಿಗೆ ಜಗಳ ಬಿದ್ದು ಯಾರೂ ಹಾಕ್ನಿಲ್ವಂತೆ. ಆನ್ ಮಾಡೋ ಬದ್ಲು ಗುದ್ದೋದು, ಆಫ್ ಮಾಡೋ ಬದ್ಲು ಮೇಜಿಂದ ಕೆಳಕ್ಕೆ ತಳ್ಳೋದು! ಜನ ನಗ್ತಾರಲ್ಲಾ ಅಂದ್ರೆ, ಅಳೋದಕ್ಕಿಂತ ನಗೋದೇ ವಾಸಿ ಅಂದ್ನಂತೆ.

ನಮ್ಮತ್ತೆ ನೋಡಿ, "ಐವತ್ತು ವರ್ಸದಿಂದ ನಾನೂ ಇದ್ನೇ ಮಾಡಿವ್ನಿ. ಯಾರೂ ಟಿವಿಗೆ ಕರೀನಿಲ್ಲ" ಅಂದ್ರು.

ದೂರ ಯಾಕೆ, ಬೆಂಗಳೂರಲ್ಲೇ ಸುಕನ್ಯಾ ರಾಮಗೋಪಾಲ್ ಇದ್ದಾರಲ್ಲ. ಘಟ ಅಂದ್ರೆ ಮಣ್ಣಿನ ಮಡಕೆ ತಾನೇ? ಹುಡುಗಿ ಕೈಗೆ ಅದು ಕಷ್ಟ ಅನ್ನೋ ಮಾತು ಬಂದಾಗ ಗುರು ಹರಿಹರ ಶರ್ಮ ಅವರು ಕಲಿಸೇ ಕಲಿಸಿದ್ರಂತೆ. ಈಗ ಬೇರೆ ಬೇರೆ ಸ್ವರದ ಘಟಗಳನ್ನ ಸುತ್ತ ಇಟ್ಕೊಂಡು 'ಘಟತರಂಗ' ನುಡಿಸ್ತಾರೆ. ಮಡಕೆ ಬಡಿದು ಅವರಿಗೆ ದರಿದ್ರ ಬರಲಿಲ್ಲ, ಪ್ರಶಸ್ತಿ ಬಂತು.

ಅವತ್ತು ಸಂಜೆ ನಮ್ಮನೇಲೂ ಕಚೇರಿ. ಮೊಮ್ಮಗಳು ಇಡ್ಲಿ ತಟ್ಟೆ, ಮಗಳು ಮೊರದಲ್ಲಿ ರಾಗಿ ಕೇರೋದು, ಅತ್ತೆ ಹಿಟ್ಟಿನ ಕೋಲಲ್ಲಿ ಖಾಲಿ ಪಾತ್ರೆ ಕುಟ್ಟೋದು. ನಾನು ಅಟ್ಟದಿಂದ ಕೊಡಪಾನ ಇಳಿಸ್ದೆ. ಅದೇ ಕೊಡಪಾನ. ಮದುವೇಲಿ ಅವ್ವ ಬಳುವಳಿ ಕೊಟ್ಟಿದ್ಲು. ಮೊದಲು ಕೈ ಏಳ್ನಿಲ್ಲ, ಆಮೇಲೆ ನಿಲ್ಲಲಿಲ್ಲ.

ಕೊನೆಗೆ ಕುಕ್ಕರ್ ಕೂಗ್ಬೇಕು, ಅದೇ ಮಂಗಳ. ಎಲ್ಲಾ ಉಸಿರು ಹಿಡ್ಕೊಂಡು ಕಾದ್ರೂ ಅದು ಕೂಗ್ನಿಲ್ಲ. ನಾನು ಗ್ಯಾಸ್ಕೆಟ್ ಹಾಕೋದೇ ಮರ್ತಿದ್ದೆ! ಆ ಮೌನದಲ್ಲಿ ಹುಳದ ಮನೆಯಿಂದ ಸದ್ದು ಕೇಳುಸ್ತು. ನಾಲ್ಕನೇ ಜ್ವರ ಎದ್ದಿದ್ದ ರೇಷ್ಮೆ ಹುಳ ಸೊಪ್ಪು ಮೇಯ್ತಾ ಇದ್ವು, ಸೋನೆ ಮಳೆ ಥರ.

"ಶ್ರುತಿ ಅಲ್ಲೈತೆ ಕಣ್ರೇ" ಅಂದ್ರು ಅತ್ತೆ.

ಅಷ್ಟರಲ್ಲಿ ಯಜಮಾನ್ರು ಓಡಿಬಂದು, "ಏನ್ರೇ ಬಿದ್ದೋಯ್ತು?" ಅಂದ್ರು.

ಕೊಡಪಾನ ಒಂದು ಕಡೆ ನೆಗ್ಗಿದೆ. ತಟ್ಟಿ ಸರಿಮಾಡಿಸ್ಲಾ ಅಂದ್ರು. ಬೇಡ ಅಂದೆ.